ಜಿಂಕೆ ಹತ್ತಿದ ದಾರಿ

ಕಾರವಾರ, 9-12-1983

ಕ್ಯಾತಪ್ಪ ಮಾವನಿಗೆ,

ನಿಮ್ಮ ಈರಕ್ಕ ಕಡಲು ನೋಡಿದಳೆಂದು ಐ.ಡಿ.ಹಳ್ಳಿಯಲ್ಲಿ ಎಲ್ಲರಿಗೂ ಹೇಳಿ. ನಮ್ಮ ಓಟದ ಶಿಬಿರ ಕಡಲಿಗೆ ತಾಗಿದ ರಕ್ಷಿತ ಕಾಡಿನಲ್ಲಿದೆ. ನಿನ್ನೆ ಓಡಬೇಕಾದ ದಾರಿಗೆ ಡ್ರಿಲ್ ಮೇಷ್ಟ್ರು ಮರಳ ಮೇಲೆ ಸುಣ್ಣದ ಗೆರೆ ಎಳೆಸಿದ್ದರು. ನಾವು ಅರ್ಧ ಓಡುವಷ್ಟರಲ್ಲಿ ಕಡಲು ಉಕ್ಕಿ ಬಂದು ಗೆರೆಯನ್ನೆಲ್ಲ ಅಳಿಸಿಬಿಟ್ಟಿತು. ಮುಂದೆ ಕಡಿದಾದ ಬಂಡೆ ಇತ್ತು, ಹಿಂದೆ ನೀರು ಏರುತ್ತಿತ್ತು. ಜೊತೆಯ ಹನ್ನೊಂದು ಹುಡುಗಿಯರು ಅಳಲು ಶುರುಮಾಡಿದರು. ಪಕ್ಕದ ದಿಬ್ಬದ ಪೊದೆಗಳ ನಡುವೆ ಜಿಂಕೆಗಳು ಓಡಾಡಿದ ಜಾಡು ನನಗೆ ಕಾಣಿಸಿತು, ನಮ್ಮ ಕುರಿಗಳ ಜಾಡಿನ ಹಾಗೆಯೇ.

"ಅಳ್‌ಬ್ಯಾಡ್ರೇ, ನನ್ನಿಂದೆ ಬನ್ರೇ. ಜಿಂಕೆ ಹತ್ತಿದ್ದನ್ನ ನಾವು ಹತ್ತಕ್ಕಾಗಲ್ವಾ?" ಎಂದು ಕೂಗಿ ಹತ್ತಿದೆ. ಎಲ್ಲರನ್ನೂ ಶಿಬಿರ ಮುಟ್ಟಿಸಿದೆ.

ಗೆರೆ ಬಿಟ್ಟು ಯಾಕೆ ಹೋದಿರೆಂದು ಮೇಷ್ಟ್ರು ಬೈದರು. "ಗೆರೆ ಎಲ್ಲೈತೆ, ತೋರ್ಸಿ ಸಾ" ಅಂದೆ. ಹೋಗಿ ನೋಡಿ ಬಂದು, ನಾಳೆಯಿಂದ ನೀನೇ ಮುಂದೆ ಓಡು ಅಂದರು.

ಅಂಗಾಲಿಗೆ ಕಡಲ ಚಿಪ್ಪು ತುಸು ಕುಯ್ದಿದೆ, ಔಷಧಿ ಹಾಕಿದ್ದಾರೆ, ಓಡಲು ತೊಂದರೆಯಿಲ್ಲ, ಗಾಬರಿ ಬೇಡ. ಅವ್ವನಿಗೆ ಓದಿ ಹೇಳುವಾಗ ನೀರು ಏರಿದ ವಿಷಯ ಬಿಟ್ಟುಬಿಡಿ. ಇವತ್ತು ಎಲ್ಲರಿಗಿಂತ ಮುಂದೆ ಓಡಿ ದಾರಿ ತೋರಿಸುವವಳು ನಾನೇ. ಸೀಟಿ ಊದಿದರು, ಹೊರಟೆ.

ಈರಕ್ಕ