ಎರಡು ಸಲ ದಾನವಾದ ಹೊಲಿಗೆ ಯಂತ್ರ

ಗುರುವಾರ, 14 ಆಗಸ್ಟ್ 2008. ಡೊಂಬಿವಲಿ.

ಸೇವೆ ಎಂಬ ಶಬ್ದದ ಮೇಲೆಯೇ ಇವತ್ತು ಸಿಟ್ಟು ಬರುತ್ತಿದೆ.

ಜೂನ್‌ನಲ್ಲಿ ನಮ್ಮ ಸೇವಾ ಕ್ಲಬ್ಬು ಠಾಕುರ್ಲಿಯ ರತ್ನಾವತಿ ಅಕ್ಕನಿಗೆ ಹೊಲಿಗೆ ಯಂತ್ರ ಕೊಟ್ಟಿತ್ತು. ಇಂದಿನ ವಾರದ ಸಭೆಗೆ ಕ್ಲಬ್ಬಿನ ಜಿಲ್ಲಾ ಗವರ್ನರ್ ಬರುವವರಿದ್ದರು. ಅವರ ಕೈಯಿಂದ ಕೊಡಿಸಲು ಏನೂ ಇರಲಿಲ್ಲ. ಅಧ್ಯಕ್ಷ ಜಯಶೀಲಣ್ಣ ಮಧ್ಯಾಹ್ನ ಫೋನ್ ಮಾಡಿದರು: "ಅದನ್ನೇ ತಕೊಂಡು ಬಾ ಮಾರಾಯ. ಫೋಟೋ ಆದ ಕೂಡ್ಲೆ ವಾಪಸ್."

ನಾನು ಹೋದೆ! ಸಮಾನತೆಯ ಕರಪತ್ರಗಳನ್ನು ದಿಂಬಿನಡಿ ಇಟ್ಟುಕೊಂಡು ಮಲಗುವವನು ಟೆಂಪೊ ಹಿಡಿದು ಹೋದೆ.

ಅಕ್ಕ ಸೂಜಿಯಡಿಯಿಂದ ಶಾಲೆಯ ಅಂಗಿಯೊಂದನ್ನು ಬಿಡಿಸಿದರು. "ನನ್ನಿಂದ ಎಂತ ತಪ್ಪಾಯ್ತು ತಮ್ಮಾ? ನಾಳೆ ಬೆಳಿಗ್ಗೆ ಝಂಡಾವಂದನೆಗೆ ಮಕ್ಕಳಿಗೆ ಇದು ಬೇಕಲ್ಲ?"

ಯಂತ್ರದ ಜೊತೆ ಅಕ್ಕನನ್ನೂ ಟೆಂಪೊದಲ್ಲಿ ಸಭೆಗೆ ಕರೆತಂದೆ. ಹೊಲಿದು ಹೊಲಿದು ಎಣ್ಣೆ ಹಿಡಿದಿದ್ದ ಯಂತ್ರಕ್ಕೆ ವೇದಿಕೆಯಲ್ಲಿ ಹೊಸ ರಿಬ್ಬನ್ ಕಟ್ಟಿದರು. ಗವರ್ನರ್ ಕೇಳಿದರು, "ಖುಶ್ ಹೋ, ಬೆಹನ್‌ಜೀ?"

"ಜಲ್ದಿ ಛೋಡೋ ಸಾಬ್, ಛೇ ಯೂನಿಫಾರ್ಮ್ ಬಾಕಿ ಹೈ." ಬೇಗ ಬಿಡಿ, ಇನ್ನೂ ಆರು ಯೂನಿಫಾರ್ಮ್ ಬಾಕಿ ಇದೆ ಎಂದರು ಅಕ್ಕ.

"ದೇಖಿಯೇ ಸರ್, ಕಿತ್ನಾ ಉತ್ಸಾಹ್!" ಎಂದರು ಜಯಶೀಲಣ್ಣ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆಮೇಲೆ ಭಾಷಣ, ಹಾರ, ಊಟ. ಯಂತ್ರ ಅಕ್ಕನ ಮನೆ ಸೇರುವಾಗ ಒಂಬತ್ತೂವರೆ.

ರಾಜೀನಾಮೆ ಬರೆಯಲು ಕುಳಿತೆ. ಜಯಶೀಲಣ್ಣನನ್ನು ಎರಡು ಪುಟ ಬೈದೆ. ಓದಿ ನೋಡಿದರೆ ಒಂದು ಸಾಲು ಬಿಟ್ಟುಹೋಗಿದೆ. ಅಕ್ಕನ ಮನೆಯಿಂದ ಆ ಯಂತ್ರವನ್ನು ಎತ್ತಿದ್ದು ಅವರ ಕೈಯಲ್ಲ. ಆ ಸಾಲನ್ನೇ ಮೊದಲು ಬರೆಯಬೇಕು, ಆಮೇಲೆ ರಾಜೀನಾಮೆ.