ವ್ಯಾನಿಗೊಂದು ಹೆಸರು

೧೪-೨-೬೨, ಹೊನ್ನಾವರ
ಎಂಟನೆಯ ಇಯತ್ತೆಗೆ ಗ್ರೀಕರ ಪಾಠ. ಚಾಕ್ ಮುಗಿದಿದೆ. ಆಫೀಸಿನಲ್ಲಿ ಕೇಳಿದರೆ ನಾಳೆ ಅನ್ನುತ್ತಾರೆ.
ಸಂಜೆ ಬೀರಪ್ಪನವರ ಹಂಚಿನ ಅಂಗಡಿಯಿಂದ ಕರೆ. ಭಟ್ಕಳ, ಹೊನ್ನಾವರ, ಕುಮಟೆ—ಮೂರೂ ಊರಿನ ವರ್ತಕರು ವಂತಿಗೆ ಹಾಕಿ, ರೋಗಿಗಳನ್ನು ಸಾಗಿಸಲು ಒಂದು ವ್ಯಾನು ತಂದಿದ್ದಾರೆ. ಇವರಿಂದ ಇಂಥ ಒಳ್ಳೆಯ ಕೆಲಸ! ಕೂಟಕ್ಕೊಂದು ತೂಕದ ಹೆಸರು ಬೇಕಂತೆ, ವ್ಯಾನಿನ ಮೇಲೆ ಬರೆಸಲು. ಇತಿಹಾಸದ ಮಾಸ್ತರನಲ್ಲವೇ ನಾನು.
ಟ್ರೈಪೊಲಿಸ್ ಅಂದೆ. ಹಳೆಯ ಕಾಲದಲ್ಲಿ ಮೂರು ಪಟ್ಟಣಗಳು ಕೂಡಿದರೆ ಹಾಗೆ ಕರೆಯುತ್ತಿದ್ದರು. ಅಪರೂಪದ ಶಬ್ದ. ಈ ಕರಾವಳಿಯಲ್ಲಿ ನಾನೇ ಮೊದಲು ಬಾಯಲ್ಲಿ ಆಡಿದ್ದಿರಬೇಕು. ಹೆಮ್ಮೆಯಾಯಿತು, ಸುಳ್ಳೇಕೆ.

೧೫-೨
ಬೀರಪ್ಪ ರಾತ್ರಿಯೆಲ್ಲ ಯೋಚಿಸಿದರಂತೆ. "ಎಂತ ಮಾಸ್ತರೆ, ರೋಗಿ ಗಾಡಿ ಮೇಲೆ ಪೋಲೀಸ್ ಅಂತ ಬರಸೂದಾ? ಜನ ಗುಡ್ಡೆ ಹತ್ತಿ ಓಡ್ತ್ರು!"
ಪೊಲಿಸ್ ಅಂದರೆ ಪಟ್ಟಣ ಎಂದು ಬಿಡಿಸಿ ಹೇಳಿದೆ. ಕುಮಟೆಯ ಜಟ್ಟಿಯವರು ತೊಡೆ ತಟ್ಟಿದರು. "ಹಂಗಾರೆ ಕನ್ನಡದಗೇ ಇರ್ಲಿ. ಮೂರು ಪುರ—ತ್ರಿಪುರ. ಆತು!"
ಎಲ್ಲರೂ ಚಪ್ಪಾಳೆ.

೨-೩
ಪೇಂಟರು 'ತ್ರಿ' ಬರೆದು ಏಣಿ ಇಳಿದಿದ್ದಾನೆ. ತ್ರಿಪುರವೆಂದರೆ ರಾಕ್ಷಸರ ಮೂರು ಊರು, ಶಿವ ಒಂದೇ ಬಾಣಕ್ಕೆ ಸುಟ್ಟಿದ್ದು ಎಂದು ಯಕ್ಷಗಾನದ ಆಟ ನೋಡಿ ಬಂದವರು ಯಾರೋ ನೆನಪಿಸಿದರಂತೆ. ಗೋಕರ್ಣದ ಬುಡದಲ್ಲಿ ಕೂತು ಆ ಹೆಸರೇ?
ಜಟ್ಟಿ ಎಲ್ಲರೆದುರು ನನ್ನತ್ತ ಬೆರಳು ತೋರಿಸಿದರು. "ಮಾಸ್ತರೇ ಹೇಳದ್ದು!" ಥೂ. ಬಾಯೋ, ಬಚ್ಚಲೋ.

೨೦-೪
ಮತ್ತೆ ಸಭೆ. ಈಗ ಮೂರೂ ಊರಿನ ಹೆಸರು ಬರೆಸುವುದೆಂದಾಗಿದೆ. ಯಾವುದು ಮೊದಲು?
ಭಟ್ಕಳದ ಮೀರಾನ್ ಸಾಹೇಬರು: "ಹಳೇ ಬಂದರು ನಮ್ಮದು, ಮಾಸ್ತರ್ ಸಾಬ್. ನೀವೇ ಹೇಳಿ." ಜಟ್ಟಿ: ವಂತಿಗೆ ಹೆಚ್ಚು ಕುಮಟೆಯದು. ಬೀರಪ್ಪ: ಗಾಡಿ ನಿಂತದ್ದು ಹೊನ್ನಾವರದಲ್ಲಿ.
ಹೆಸರು ಆಮೇಲಾಗಲಿ, ಗಾಡಿ ಓಡಲಿ ಅಂದೆ. ಬೀರಪ್ಪ ನನ್ನನ್ನು ಪೆದ್ದನಂತೆ ನೋಡಿದರು. "ಹೆಸ್ರಿಲ್ದೆ ಬಿಟ್ರೆ ಯಾರ ಪುಣ್ಯ ಅಂತ ಜನಕ್ಕೆ ಹೆಂಗೆ ತಿಳೀತದೆ?"
ಠರಾವು ಪಾಸಾಯಿತು: ಹೆಸರು ಬರೆಯುವವರೆಗೆ ಗಾಡಿ ಹೊರಡಕೂಡದು. ಶಿರಾ ತಿಂದು, ತುಪ್ಪದ ಕೈ ಧೋತರಕ್ಕೆ ಒರೆಸಿಕೊಂಡು ಎದ್ದರು. ಹೇಸಿಗೆ ಹುಟ್ಟಿತು.
ಮನೆಗೆ ಬಂದು ಪುಸ್ತಕ ತೆಗೆದೆ. ಟ್ರೈಪೊಲಿಸ್‌ಗೆ ಇನ್ನೊಂದು ಬಳಕೆಯೂ ಇದೆ—ಮೂರು ಊರಿನವರು ಸೇರಿ ಕಟ್ಟಿದ ಒಂದೇ ಪಟ್ಟಣ. ಆದರೆ ಒಳಗೆ ಮೂರು ಕೇರಿ, ಮೂರಕ್ಕೂ ಬೇರೆ ಬೇರೆ ಗೋಡೆ.
ಹಾಗಾದರೆ ಹೆಸರು ಸರಿಯಾಗಿಯೇ ಇತ್ತು.

೧೮-೬
ಮಳೆ ಹಿಡಿದಿದೆ. ವ್ಯಾನು ಬೀರಪ್ಪನವರ ಹಂಚಿನ ಶೆಡ್ಡಿನಲ್ಲಿ. ಒಳಗೆ ಕೋಳಿ ಕಾವಿಗೆ ಕೂತಿದೆ.
ತಂಗಿ ಸೀತೆ ಚೊಚ್ಚಲ ಬಾಣಂತನಕ್ಕೆ ಹೊಳೆಯಾಚೆ ಕಾಯ್ಕಿಣಿಯ ತವರಿನಲ್ಲಿ, ಆಯಿಯ ಹತ್ತಿರ. ಕಾಲು ಬಾತಿದೆ. ಬೇನೆ ಶುರುವಾದ ಕೂಡಲೇ ಇಲ್ಲಿಯ ದವಾಖಾನೆಗೆ ತರಬೇಕೆಂದು ನರ್ಸಬಾಯಿ ಹೇಳಿದ್ದಾರೆ. ಬೀರಪ್ಪನವರಿಗೆ ತಿಳಿಸಿದೆ. "ನಿಮ್ಮ ತಂಗಿ ಅಂದ್ರೆ ನಮ್ಮ ತಂಗಿ, ಮಾಸ್ತರೆ."
ವ್ಯಾನಿದೆ, ಹೆದರಬೇಡ ಎಂದು ಸೀತೆಗೆ ಹೇಳಿ ಕಳಿಸಿದೆ.

೯-೭
ಬೆಳಗ್ಗೆ ಶನಿಯಾರ ಬಂದ, ಕಾಯ್ಕಿಣಿಯ ನೆರೆಮನೆಯವ. ಮೈಯೆಲ್ಲ ಒದ್ದೆ. "ಮಾಸ್ತರಣ್ಣ, ರಾತ್ರಿಯಿಂದ ಬೇನೆ. ಕೂಸು ಅಡ್ಡ ಅದೆ ಅಂತ್ರು. ಗಾಡಿ ಕಳ್ಸಿ."
ಓಡಿದೆ. ಬೀರಪ್ಪ ಗಲ್ಲಾಪೆಟ್ಟಿಗೆಯ ಮುಂದೆ. ಬೆನ್ನ ಹಿಂದಿನ ಮೊಳೆಯಲ್ಲಿ ವ್ಯಾನಿನ ಕೀಲಿ.
"ಕೊಡೂಕೆ ನಂಗೆಂತ ಅಡ್ಡಿ? ಮೂರೂ ಊರಿನವ್ರು ಒಪ್ಪಬೇಕಲ್ಲ. ನಾನೊಬ್ನೆ ಕೊಟ್ರೆ ಗಾಡಿ ಹೊನ್ನಾವರದ್ದೇ ಆತು ಅಂತ್ರು ನಾಳೆ."
ಕೈ ಮುಗಿದೆ. ಕುಮಟೆಗೆ ಫೋನು ಮಾಡಿಸಿದರು. ಜಟ್ಟಿ ಮನೆಯಲ್ಲಿಲ್ಲ. ಕೂತುಕೊಳ್ಳಿ, ಚಾ ಕುಡಿಯಿರಿ ಅಂದರು. ತಾವು ಬಸಿಗೆ ಹೊಯ್ದುಕೊಂಡು ಸೊರ್ ಎಂದು ಕುಡಿದರು. ಆ ಸದ್ದು...
ಕೊನೆಗೆ ಸೀತೆಯನ್ನು ಎತ್ತಿನ ಗಾಡಿಯಲ್ಲಿ ತಂದರು, ಹೊಳೆಯವರೆಗೇ ಅರ್ಧ ದಿನ. ತುಂಬಿದ ಶರಾವತಿ, ತಾರಿಯ ದೋಣಿಗೆ ಕಾದು ಕಾದು ದವಾಖಾನೆ ಮುಟ್ಟುವಾಗ ಸಂಜೆ. ಅವಳು ಉಳಿದಳು.
ಗಂಡು ಕೂಸು. ಅಳಲೇ ಇಲ್ಲ.

೧೩-೭
ಶಾಲೆಗೆ ಹಿತ್ತಲ ದಾರಿಯಲ್ಲಿ ಹೋಗುತ್ತೇನೆ, ಅಂಗಡಿ ಕಾಣದಿರಲೆಂದು.

೨೦-೭, ಸಂಜೆ
ಸೀತೆಯನ್ನು ದವಾಖಾನೆಯಿಂದ ನನ್ನ ಬಿಡಾರಕ್ಕೇ ತಂದಿದ್ದೇವೆ. ಒಳಗೆ ಮಲಗಿದ್ದಾಳೆ, ಗೋಡೆಗೆ ಮುಖ ಮಾಡಿ.
ಈಗ ಬೀರಪ್ಪ ಬಂದಿದ್ದಾರೆ. ಒಂದು ಬಾಳೆಗೊನೆ, ಹಿಂದೆ ಪೇಂಟರು, ಡಬ್ಬಿ, ಕುಂಚ. "ಮೂವರೂ ಒಪ್ಪಿದ್ವು ಮಾಸ್ತರೆ. ಊರ ಹೆಸ್ರೇ ಬೇಡ. ಒಂದು ಚಲೋ ಹೆಸ್ರು ಹೇಳಿ, ಇವತ್ತೇ ಬರಸೂದು."
ಒಳಗೆ ಬಂದು ಈ ಪುಸ್ತಕ ತೆಗೆದು ಕೂತೆ. ಅವರ ಮುಖ ನೋಡಲಾಗದೆ ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಕೆಮ್ಮುತ್ತಿದ್ದಾರೆ.
ಸೀತೆ ಎಲ್ಲ ಕೇಳಿಸಿಕೊಂಡಿದ್ದಾಳೆ. ಇವತ್ತು ಹನ್ನೆರಡನೆಯ ದಿನವಲ್ಲವಾ ಅಂದಳು. ಹೌದು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ.
ಆಮೇಲೆ, ಗೋಡೆಯ ಕಡೆಗೇ ಮುಖ ಇಟ್ಟುಕೊಂಡು— "ನಾನೊಂದು ಹೆಸ್ರು ನೆನಸ್ಕಂಡಿದ್ದೆ ಅಣ್ಣ. ಯಾರಿಗೂ ಬೇಡಾಗ್ಯದೆ ಈಗ. ಬೇಕಾರೆ ಅದನ್ನೇ ಅವ್ರಿಗೆ..."
ಎದ್ದು ಬಾಗಿಲಿಗೆ ಅಗಳಿ ಹಾಕಿ ಬಂದೆ; ಆ ಹೆಸರು ಅವರಿಗೆ ಸಿಗದು.