ಮೂತಿ ಎತ್ತಿದ ಬೋಟು

ಆಸ್ಪತ್ರೆಯ ದೋಣಿಕಟ್ಟೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಬೋಟು ಮುಳುಗಿಲ್ಲ, ನಾನೂ ಮುಳುಗಿಲ್ಲ. ಮೊದಲು ಇಷ್ಟು ಓದಿ ಉಸಿರು ಬಿಡು. ಫೋನ್ ಮಾಡಬಹುದಿತ್ತು, ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ. ಆಚೆ ದಡಕ್ಕೆ ಹೊರಡುವ ಲಾಂಚಿನಲ್ಲಿ ಕಳಿಸುತ್ತೇನೆ. ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ವಾರ್ಡಿನ ಬಾಗಿಲಿಗೆ ಹೋಗಿ ಬರುವುದು, ಇದೇ ಆಗಿದೆ.

ಕಳೆದ ವಾರ ನಾನು ಓಡಿಸುವ ಆಂಬುಲೆನ್ಸ್ ಬೋಟಿಗೆ ನೀನು ಕೂರಿಸಿಕೊಟ್ಟ ಹೊಸ ಇಂಜಿನ್ನಿಗೆ ಶಕ್ತಿಯೂ ಹೆಚ್ಚು, ತೂಕವೂ ಹೆಚ್ಚು. ಹಿಂಭಾರವಾಗುತ್ತದೆ, ಇಂಧನದ ಟ್ಯಾಂಕನ್ನು ಮುಂದಕ್ಕೆ ಸರಿಸುವವರೆಗೆ ಜೋರಾಗಿ ಓಡಿಸಬೇಡ ಎಂದು ನೀನು ಬಡಕೊಂಡಿದ್ದೆ. ಬೋಟಿನ ಉಸ್ತುವಾರಿ ನೋಡುವ ಸಾಹೇಬರು ಭಾನುವಾರ ನೋಡೋಣ ಎಂದರು. ಕಾಯಿಲೆ ಭಾನುವಾರದವರೆಗೆ ಕಾಯಲಿಲ್ಲ. ಬೆಳಿಗ್ಗೆ ಎದೆನೋವಿನ ರೋಗಿಯೊಬ್ಬರನ್ನು ಹತ್ತಿಸಿಕೊಂಡೆ. ಸ್ಟ್ರೆಚರ್ ನನ್ನ ಪಕ್ಕದಲ್ಲೇ, ಅದರಾಚೆ ನರ್ಸು. ಹೊತ್ತುತಂದ ಇಬ್ಬರು ದಢೂತಿ ನೆರೆಯವರು ಹಿಂದಿನ ಸೀಟಿನಲ್ಲಿ.

ನಡುನೀರಿನಲ್ಲಿ ವೇಗ ಏರಿಸಿದ್ದೇ ತಡ, ಬೋಟು ಮೂತಿ ಎತ್ತಿತು. ಎತ್ತಿದ್ದು ದಬಕ್ಕೆಂದು ಬಿತ್ತು, ಮತ್ತೆ ಎದ್ದಿತು. ಒಂದೊಂದು ಏಟಿಗೂ ಸ್ಟ್ರೆಚರಿನಿಂದ ನರಳಾಟ. "ನಿಧಾನ ಮಾಡಮ್ಮಾ, ಜೀವ ಹೋಗುತ್ತೆ!" ಎಂದು ನರ್ಸು ಕೂಗಿದಳು. ತಡವಾದರೂ ಹೋಗುವ ಜೀವವೇ ಅದು. ವೇಗ ಪೂರ್ತಿ ಇಳಿಸಲು ಕೈ ಹೋಯಿತು. ಒಮ್ಮೆಲೇ ಇಳಿಸಿದರೆ ಮೂತಿ ನೀರಿಗೆ ನಾಟಿ ಹೊರಳೀತು ಎಂದು ನೀನು ಗದರಿದ್ದು ನೆನಪಾಗಿ ತಡೆದುಕೊಂಡೆ. ಸ್ವಲ್ಪವೇ ಇಳಿಸಿ, ಇಂಜಿನ್ನನ್ನು ಒಳಮುಖವಾಗಿ ವಾಲಿಸಿದೆ. ಅದು ತಳ್ಳುವ ಬಲಕ್ಕೆ ಹಿಂಬದಿ ಎದ್ದು ಮೂತಿ ತಗ್ಗಿತು. ಆದರೂ ಕುಣಿತ ನಿಲ್ಲಲಿಲ್ಲ.

"ಅಣ್ಣಾ, ಇಬ್ರೂ ತೆವಳ್ಕೊಂಡು ಮುಂದೆ ಬನ್ನಿ, ಎದ್ದು ನಿಲ್ಲಬೇಡಿ!" ಎಂದು ಅರಚಿದೆ.

"ನಮ್ಮನ್ನೇನು ಸಿಮೆಂಟ್ ಮೂಟೆ ಅಂದ್ಕೊಂಡ್ಯಾ?" ಎಂದ ಒಬ್ಬ.

"ಈಗ ಮೂಟೇನೇ, ಬನ್ನಿ!"

ಬಂದರು. ಬೋಟು ಸಮನಾಗಿ ಕೂತು ನೀರು ಸೀಳಿತು. ತಿರುವಿನಲ್ಲಿ ಮಾತ್ರ ಮೂತಿ ಭಾರವಾಗಿ ಒಮ್ಮೆ ಜಗ್ಗಿತು. ಅಗಲವಾಗಿ ತಿರುಗಿಸಿ ಕಟ್ಟೆ ಮುಟ್ಟಿಸಿದೆ.

ಡಾಕ್ಟರು ಇನ್ನೂ ಹೊರಗೆ ಬಂದಿಲ್ಲ. ಟ್ಯಾಂಕ್ ಸರಿಸದೆ ಬೋಟು ಹತ್ತುವುದಿಲ್ಲ ಎಂದು ಸಾಹೇಬರಿಗೆ ಹೇಳಿಬಿಟ್ಟಿದ್ದೇನೆ. ಈ ಕಾಗದ ತಂದ ಲಾಂಚಿನಲ್ಲೇ ಹೊರಟು ಬಾ.

ನಿನ್ನ ಬಾಲ,
ತಂಗಿ

ತಾ.ಕ.: ರೋಗಿ ಯಾರೆಂದು ಬರೆಯಲು ಕೈ ಬರಲಿಲ್ಲ. ಅಮ್ಮ. ಬದುಕುತ್ತಾಳೆ ಎಂದು ಡಾಕ್ಟರು ಈಗಷ್ಟೇ ಹೇಳಿದರು. ನೀನು ಮನೆ ಬಿಟ್ಟು ಇಂಜಿನ್ ಕೆಲಸಕ್ಕೆ ಸೇರಿದಾಗಿನಿಂದ ನಿನ್ನ ಸುದ್ದಿಯೆತ್ತದ ಅಮ್ಮ, ಬೋಟು ಸಮನಾದ ಮೇಲೆ ನನ್ನ ಮೊಣಕಾಲು ತಟ್ಟಿ, "ಇದನ್ನ ಕೂರಿಸಿದ್ದು ದೊಡ್ಡೋಳಾ?" ಅಂದಳು. ಹೂಂ ಅಂದೆ. "ಹಾಗಾದ್ರೆ ಹೆದರ್ಬೇಡ, ಓಡಿಸು" ಅಂದಳು.